ಆಗಾಗ ಹ್ಯಾಂಗ್ ಆಗುವ ಲ್ಯಾಪ್‌ಟಾಪ್: ನಿಂತ ಹೊತ್ತಿನಲ್ಲಿ ಏನೇನು ಜೀವಂತವಾಗಿದೆ ನೋಡಿ

ನನ್ನ ಅಕ್ಕ ಅರಸೀಕೆರೆಯಲ್ಲಿ ಹೈಸ್ಕೂಲ್ ಟೀಚರ್. ಅವಳ ಲ್ಯಾಪ್‌ಟಾಪ್‌ಗೆ ಆರು ವರ್ಷ. 1 ಟಿಬಿ ಹಾರ್ಡ್ ಡಿಸ್ಕ್, 8 ಜಿಬಿ ರ‍್ಯಾಮ್, ವಿಂಡೋಸ್ 10. ದಿನಕ್ಕೆ ಒಂದೆರಡು ಸಲ ಅದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಒಮ್ಮೆ ನಲವತ್ತು ಸೆಕೆಂಡ್, ಇನ್ನೊಮ್ಮೆ ಒಂದೂವರೆ ನಿಮಿಷ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ತಾನಾಗಿಯೇ ಓಡುತ್ತಿತ್ತು. ಅಪರೂಪಕ್ಕೆ ಒಮ್ಮೆ ಏಳುತ್ತಲೇ ಇರಲಿಲ್ಲ. ಆಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಗುತ್ತಿತ್ತು. ಅಂಗಡಿಯಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿಸಿದಳು. ಎರಡು ಸಲವೂ ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಶುರುವಾಯಿತು. "ಲೋ, ಮಾರ್ಕ್ಸ್ ಎಂಟ್ರಿ ಮಾಡೋವಾಗಲೇ ನಿಲ್ಲುತ್ತೆ ಕಣೋ, ನೀನೇ ಒಂದ್ಸಲ ನೋಡು" ಎಂದು ಫೋನ್ ಮಾಡಿದಳು.

ಹ್ಯಾಂಗ್ ಆಯಿತು ಎಂದು ನಾವು ಒಂದೇ ಮಾತು ಹೇಳುತ್ತೇವೆ. ಆದರೆ ಆ ಒಂದು ಮಾತಿನ ಹಿಂದೆ ಐದಾರು ಬೇರೆ ಬೇರೆ ಕಾಯಿಲೆ ಇರುತ್ತವೆ. ಜ್ವರ ಅಂದರೆ ಡಾಕ್ಟರ್ ಸುಮ್ನೆ ಒಂದು ಮಾತ್ರೆ ಕೊಟ್ಟು ಕಳಿಸುವುದಿಲ್ಲ, ಚಳಿ ಇದೆಯಾ, ಯಾವ ಹೊತ್ತಿಗೆ ಬರುತ್ತೆ ಎಂದು ಕೇಳುತ್ತಾರೆ ಅಲ್ವಾ? ಇಲ್ಲೂ ಹಾಗೆಯೇ ಕೇಳಬೇಕು. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಕೊನೆಗೆ ಸಿಕ್ಕಿದ್ದು ಒಂದಲ್ಲ, ಎರಡು ದೋಷ. ಎರಡನ್ನೂ ಹಿಡಿದುಕೊಟ್ಟಿದ್ದು ಅವಳ ಹಳೇ ಡೈರಿ. ಅದೇ ದಾರಿಯಲ್ಲಿ ಇಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲು ಫೈಲ್‌ಗಳನ್ನು ಉಳಿಸಿಕೊಳ್ಳಿ

ಏನನ್ನೂ ಬಿಚ್ಚುವ ಮೊದಲು, ಯಾವ ಟೆಸ್ಟನ್ನೂ ಓಡಿಸುವ ಮೊದಲು, ಬೇಕಾದ ಫೈಲ್‌ಗಳನ್ನು ಪೆನ್ ಡ್ರೈವ್‌ಗೋ ಹೊರಗಿನ ಡಿಸ್ಕ್‌ಗೋ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಹಾಳಾಗುತ್ತಿದ್ದರೆ ಅದಕ್ಕೆ ಇನ್ನೆಷ್ಟು ಗಂಟೆ ಆಯಸ್ಸಿದೆ ಎಂದು ಯಾರೂ ಹೇಳಲಾರರು. ಪೂರ್ತಿ ಡ್ರೈವನ್ನು ಒಂದೇ ಸಲಕ್ಕೆ ಎಳೆದು ಹಾಕಬೇಡಿ. ಅತಿ ಮುಖ್ಯವಾದ ಫೋಲ್ಡರ್ ಮೊದಲು, ಆಮೇಲೆ ಫೋಟೋ, ಕೊನೆಗೆ ಸಿನಿಮಾ. ಯಾವುದೋ ಒಂದು ಫೈಲ್‌ನಲ್ಲಿ ಕಾಪಿ ಸಿಕ್ಕಿಹಾಕಿಕೊಂಡರೆ ಆ ಫೈಲ್ ಬಿಟ್ಟು ಮುಂದೆ ಹೋಗಿ, ಅದರ ಹೆಸರು ಮಾತ್ರ ಬರೆದಿಟ್ಟುಕೊಳ್ಳಿ. ಆ ಹೆಸರು ಮುಂದೆ ಸಾಕ್ಷಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ಹ್ಯಾಂಗ್ ಆಗುತ್ತಿದೆ ಎಂದ ತಕ್ಷಣ ವಿಂಡೋಸ್‌ನಲ್ಲೇ ಇರುವ ಚೆಕ್ ಡಿಸ್ಕ್‌ನ ರಿಪೇರಿ ಸ್ಕ್ಯಾನ್ ಹಾಕಿ ಎಂದು ತುಂಬಾ ಜನ ಹೇಳುತ್ತಾರೆ. ಕಾಪಿ ಆಗುವವರೆಗೆ ಅದು ಬೇಡ. ಆ ಸ್ಕ್ಯಾನ್ ಡಿಸ್ಕ್‌ನ ಮೂಲೆ ಮೂಲೆಯನ್ನೂ ಗಂಟೆಗಟ್ಟಲೆ ಓದಿಸುತ್ತದೆ. ಮೊದಲೇ ಬಳಲಿದ ಡಿಸ್ಕ್‌ಗೆ ಅದು ಕೊನೆಯ ಏಟಾಗಬಹುದು.

ನಿಂತಾಗ ಕೈ ಪವರ್ ಬಟನ್‌ಗೆ ಹೋಗದಿರಲಿ

ಹ್ಯಾಂಗ್ ಆದ ಕೂಡಲೇ ನಮ್ಮೆಲ್ಲರ ಬೆರಳೂ ಪವರ್ ಬಟನ್ ಮೇಲೆ ಹೋಗುತ್ತದೆ. ಅಲ್ಲಿಗೆ ಸುಳಿವೆಲ್ಲ ಅಳಿಸಿಹೋಗುತ್ತದೆ. ಎರಡು ನಿಮಿಷ ತಾಳಿ. ಗಡಿಯಾರ ನೋಡಿಕೊಳ್ಳಿ. ಆ ಎರಡು ನಿಮಿಷದಲ್ಲಿ ನಾಲ್ಕು ವಿಷಯ ಗಮನಿಸಿ.

ಮೌಸ್ ಅಲ್ಲಾಡಿಸಿ, ಬಾಣ ಓಡುತ್ತದೆಯೇ? ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ಹತ್ತಿ ಆರುತ್ತದೆಯೇ? ಹಾಡೋ ವಿಡಿಯೋನೋ ಓಡುತ್ತಿದ್ದರೆ ಸದ್ದು ಏನಾಯಿತು? ಡಿಸ್ಕ್‌ನ ದೀಪ ಇದ್ದರೆ ಅದು ಮಿನುಗುತ್ತಿದೆಯೇ, ಆರಿದೆಯೇ, ಬಿಡದೆ ಉರಿಯುತ್ತಿದೆಯೇ?

ಇದರಲ್ಲಿ ಕ್ಯಾಪ್ಸ್ ಲಾಕ್ ಪರೀಕ್ಷೆ ನನಗೆ ಎಲ್ಲಕ್ಕಿಂತ ಪ್ರಿಯ. ಆ ದೀಪ ಕೀಬೋರ್ಡ್ ತಾನೇ ಹತ್ತಿಸುವಂಥದ್ದಲ್ಲ. ಕೀ ಒತ್ತಿದ ಸುದ್ದಿ ವಿಂಡೋಸ್‌ಗೆ ಹೋಗಿ, ದೀಪ ಹತ್ತಿಸು ಎಂಬ ಆಜ್ಞೆ ಅಲ್ಲಿಂದ ವಾಪಸ್ ಬರಬೇಕು. ದೀಪ ಹತ್ತಿತು ಅಂದರೆ ಒಳಗೆ ವಿಂಡೋಸ್‌ನ ತಿರುಳು ಇನ್ನೂ ಉಸಿರಾಡುತ್ತಿದೆ, ಯಾವುದಕ್ಕೋ ಕಾಯುತ್ತಿದೆ. ಹತ್ತಲಿಲ್ಲ ಅಂದರೆ ಇಡೀ ಯಂತ್ರವೇ ಸ್ತಬ್ಧವಾಗಿದೆ. ಒಂದು ಬೆರಳಿನ ಕೆಲಸ, ಅರ್ಧದಷ್ಟು ಅನುಮಾನ ಅಲ್ಲೇ ತೀರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ದೀಪವೇ ಇರುವುದಿಲ್ಲ. ಆಗ ದೀಪವಿರುವ ಯುಎಸ್‌ಬಿ ಕೀಬೋರ್ಡ್ ಒಂದನ್ನು ಮೊದಲೇ ಚುಚ್ಚಿಟ್ಟುಕೊಳ್ಳಿ.

ಸದ್ದಿಗೂ ಹೀಗೇ ಅರ್ಥವಿದೆ. ಚಿತ್ರ ನಿಂತು ಹಾಡು ಮುಂದುವರಿದರೆ ಕೆಟ್ಟಿರುವುದು ಹೆಚ್ಚಾಗಿ ಪರದೆಯ ಕಡೆ, ಅಂದರೆ ಗ್ರಾಫಿಕ್ಸ್ ಡ್ರೈವರ್ (ವಿಂಡೋಸ್ ಪರದೆಯ ಚಿಪ್ ಜೊತೆ ಮಾತಾಡಲು ಬಳಸುವ ಪ್ರೋಗ್ರಾಂ). ಸದ್ದು ಗುರ್ರ್ ಎಂದು ಒಂದೇ ಚೂರನ್ನು ಮತ್ತೆ ಮತ್ತೆ ನುಡಿಸಿದರೆ ಅದು ಗಂಭೀರ. ಸೌಂಡ್ ಚಿಪ್ ಮೆಮೊರಿಯ ಒಂದು ಸಣ್ಣ ಜಾಗದಿಂದ ಸದ್ದನ್ನು ಓದುತ್ತಿರುತ್ತದೆ. ಆ ಜಾಗಕ್ಕೆ ಹೊಸ ಸದ್ದು ತುಂಬುವುದು ಪ್ರೊಸೆಸರ್. ಪ್ರೊಸೆಸರ್ ನಿಂತರೆ ತುಂಬುವವರಿಲ್ಲ, ಹಳೆಯ ಚೂರೇ ಸುತ್ತುತ್ತಿರುತ್ತದೆ. ಅದೇ ಆ ಗುರ್ರ್.

ಹೀಗೆ ನಾಲ್ಕನ್ನೂ ಜೋಡಿಸಿ ನೋಡಿ. ಮೌಸ್ ಓಡುತ್ತದೆ, ಕ್ಯಾಪ್ಸ್ ದೀಪ ಹತ್ತುತ್ತದೆ, ಆದರೆ ಏನು ಒತ್ತಿದರೂ ತೆರೆಯುವುದಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ: ಡಿಸ್ಕ್ ಮೇಲೆ ಅನುಮಾನ. ಎಲ್ಲವೂ ಸತ್ತಿದೆ, ಗುರ್ರ್ ಸದ್ದು, ಎಷ್ಟು ಕಾದರೂ ಏಳುವುದಿಲ್ಲ: ರ‍್ಯಾಮ್, ಮದರ್‌ಬೋರ್ಡ್, ಪವರ್, ಇಲ್ಲವೇ ಆಳದಲ್ಲಿ ಕೂತ ಡ್ರೈವರ್. ಒಂದೇ ಪ್ರೋಗ್ರಾಂ ನಿಂತು ಉಳಿದದ್ದೆಲ್ಲ ಓಡುತ್ತಿದ್ದರೆ ಅದು ಆ ಪ್ರೋಗ್ರಾಂನ ತೊಂದರೆ, ಲ್ಯಾಪ್‌ಟಾಪ್‌ನದ್ದಲ್ಲ.

ಡೈರಿ

ಅಕ್ಕನಿಗೆ ಇಷ್ಟನ್ನು ಫೋನಿನಲ್ಲೇ ಹೇಳಿಕೊಟ್ಟೆ. ಒಂದು ವಾರ ಬರೆದಿಡು ಎಂದೆ. ಅವಳು ಶಾಲೆಯ ಹಳೇ ಡೈರಿಯಲ್ಲಿ ಗೆರೆ ಎಳೆದು ಹನ್ನೊಂದು ಸಲದ ಲೆಕ್ಕ ಬರೆದಿದ್ದಳು. ಒಂದು ಸಾಲು ಹೀಗಿತ್ತು: "ಸೋಮವಾರ ಸಂಜೆ 4:20. ಎಕ್ಸೆಲ್ ಸೇವ್. ಮೌಸ್ ಓಡುತ್ತೆ. ಕ್ಯಾಪ್ಸ್ ಲೈಟ್ ಬರುತ್ತೆ. ಡಿಸ್ಕ್ ಲೈಟ್ ಒಂದೇ ಸಮ ಉರಿಯುತ್ತೆ. 50 ಸೆಕೆಂಡ್. ಸರಿಹೋಯ್ತು." ಇನ್ನೊಂದು: "ಗುರುವಾರ ರಾತ್ರಿ 9:05. ಯೂಟ್ಯೂಬ್ ಪಾಠ. ಗುರ್ರ್ ಅಂತ ಸದ್ದು. ಮೌಸ್ ಇಲ್ಲ. ಕ್ಯಾಪ್ಸ್ ಲೈಟ್ ಇಲ್ಲ. ಏಳಲೇ ಇಲ್ಲ."

ಹನ್ನೊಂದರಲ್ಲಿ ಒಂಬತ್ತು ಮೊದಲನೆಯ ಥರ. ಎರಡು ಮಾತ್ರ ಎರಡನೆಯ ಥರ. ನಾನು ಆ ಎರಡನ್ನು ಬದಿಗಿಟ್ಟು ಒಂಬತ್ತರ ಹಿಂದೆ ಹೋದೆ. ಆ ಎರಡರ ಕಥೆ ಆಮೇಲೆ ಬರುತ್ತದೆ.

ಬರೆಯುವಾಗ ಏನೇನು ಬರೆಯಬೇಕು ಎಂದು ಕೇಳಿದರೆ: ಹೊತ್ತು, ಮಾಡುತ್ತಿದ್ದ ಕೆಲಸ, ಚಾರ್ಜರ್ ಹಾಕಿತ್ತೋ ಇಲ್ಲವೋ, ಲ್ಯಾಪ್‌ಟಾಪ್ ಎಲ್ಲಿತ್ತು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಮತ್ತೆ ಮೇಲಿನ ನಾಲ್ಕು ವಿಷಯ. ಆಗಾಗ ಬರುವ ದೋಷವನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಹಿಡಿಯುವುದು ಬಹಳ ಕಷ್ಟ. ಅಲ್ಲಿ ಇಟ್ಟ ಎರಡು ಗಂಟೆಯಲ್ಲಿ ಅದು ನಿಲ್ಲುವುದೇ ಇಲ್ಲ. "ಸರಿಯಾಗೇ ಇದೆಯಲ್ಲ ಮೇಡಂ" ಎಂದು ವಾಪಸ್ ಕೊಡುತ್ತಾರೆ. ಅವರ ತಪ್ಪೂ ಅಲ್ಲ. ಅದನ್ನು ಹಿಡಿಯಬಲ್ಲವರು ದಿನವೂ ಅದರ ಮುಂದೆ ಕೂರುವವರೇ.

ವಿಂಡೋಸ್ ಬರೆದಿಟ್ಟ ಡೈರಿ

ವಿಂಡೋಸ್ ಕೂಡ ತನ್ನದೊಂದು ಲೆಕ್ಕ ಬರೆಯುತ್ತಿರುತ್ತದೆ. ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿದರೆ ರಿಲಯಬಿಲಿಟಿ ಹಿಸ್ಟರಿ ಸಿಗುತ್ತದೆ. ದಿನದಿನದ ಚಾರ್ಟ್, ಕೆಂಪು ಗುರುತು ಇದ್ದ ದಿನ ಏನೋ ಕೆಟ್ಟಿದೆ ಎಂದರ್ಥ. ತೊಂದರೆ ಶುರುವಾದ ದಿನವೇ ಯಾವುದೋ ಅಪ್‌ಡೇಟ್ ಆಗಿದೆಯೇ, ಹೊಸ ಪ್ರೋಗ್ರಾಂ ಬಂದಿದೆಯೇ ಎಂದು ಅಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ಇನ್ನೂ ವಿವರ ಬೇಕಾದರೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಅಲ್ಲಿ ಕೆಂಪು ಹಳದಿ ಗುರುತು ರಾಶಿ ಇರುತ್ತವೆ. ಚೆನ್ನಾಗಿ ಓಡುವ ಕಂಪ್ಯೂಟರ್‌ನಲ್ಲೂ ಇರುತ್ತವೆ, ಹೆದರಬೇಡಿ. ಡೈರಿಯಲ್ಲಿ ಬರೆದ ಹೊತ್ತಿನ ಆಸುಪಾಸು ಮಾತ್ರ ಹುಡುಕಿ. ಒಂದೊಂದು ಗುರುತಿನ ಎದುರಿಗೂ ಒಂದು ಹೆಸರು, ಒಂದು ಸಂಖ್ಯೆ (ಈವೆಂಟ್ ಐಡಿ) ಇರುತ್ತದೆ. ಕರ್ನಲ್-ಪವರ್ 41 ಕಂಡರೆ ಅದನ್ನೇ ಕಾರಣ ಅಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಕರೆಂಟ್ ಹೋಯಿತು ಎಂದು ಅದು ಹೇಳುತ್ತದೆ, ಅಷ್ಟೇ. ನೀವು ಬಟನ್ ಒತ್ತಿ ಆಫ್ ಮಾಡಿದಾಗಲೂ ಅದೇ ಬರುತ್ತದೆ. ಡಿಸ್ಕ್ ಹೆಸರಿನಲ್ಲಿ 7 ಎಂದಿದ್ದರೆ ಡಿಸ್ಕ್‌ನಲ್ಲಿ ಕೆಟ್ಟ ಬ್ಲಾಕ್, ಅಂದರೆ ಕೆಟ್ಟ ಜಾಗ, ಸಿಕ್ಕಿದೆ. 153 ಎಂದರೆ ಓದುವ ಇಲ್ಲವೇ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು. 129 ಎಂದರೆ ಡಿಸ್ಕ್ ಉತ್ತರ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು. ಡಿಸ್‌ಪ್ಲೇ 4101 ಗ್ರಾಫಿಕ್ಸ್ ಡ್ರೈವರ್ ನಿಂತು ಮತ್ತೆ ಎದ್ದದ್ದಕ್ಕೆ. ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಹೆಸರು ಬಂದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ ಎಂದು ತಿಳಿಯಿರಿ.

ಅಕ್ಕನ ಸೋಮವಾರ 4:20ರ ಎದುರಿಗೆ ಎರಡು 153, ಒಂದು 7. ಒಂಬತ್ತರಲ್ಲಿ ಏಳು ಸಲಕ್ಕೆ ಇದೇ ಜೋಡಿ ಸಿಕ್ಕಿತು. ಆ ಎರಡು ಗುರ್ರ್ ಸದ್ದಿನ ದಿನ ಮಾತ್ರ 41 ಬಿಟ್ಟರೆ ಏನೂ ಇರಲಿಲ್ಲ. ಏನೂ ಬರೆಯಲು ಪುರುಸೊತ್ತೇ ಸಿಗದಂತೆ ನಿಂತಿದೆ ಎಂದರ್ಥ.

ಡಿಸ್ಕ್

ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್ ಆಗಾಗ ನಿಂತು ಓಡುತ್ತಿದ್ದರೆ ನಾನು ಮೊದಲು ನೋಡುವುದು ಡಿಸ್ಕನ್ನೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಆರಿಸಿ ಒಂದು ಮೂಲೆಯಲ್ಲಿ ಬಿಟ್ಟಿರಿ. ಹ್ಯಾಂಗ್ ಆದಾಗ ಆಕ್ಟಿವ್ ಟೈಮ್ 100% ಇದ್ದು, ಓದು ಬರಹದ ವೇಗ ಮಾತ್ರ ಸೊನ್ನೆಗೆ ಇಳಿದಿದ್ದರೆ ಅದು ಬಲವಾದ ಸುಳಿವು. ಡಿಸ್ಕ್ ಮೈಮುರಿದು ದುಡಿಯುತ್ತಿದೆ, ಆದರೆ ಒಂದು ಅಕ್ಷರವೂ ಕೈಗೆ ಬರುತ್ತಿಲ್ಲ. ಅದೇ 100% ಇದ್ದು ವೇಗವೂ ಜಾಸ್ತಿ ಇದ್ದರೆ ಬೇರೆ ಮಾತು. ಆಗ ಅಪ್‌ಡೇಟೋ, ಆಂಟಿವೈರಸ್ಸೋ ನಿಜವಾಗಿ ಕೆಲಸ ಮಾಡುತ್ತಿದೆ. ಕೆಲವರ ಲ್ಯಾಪ್‌ಟಾಪ್‌ನಲ್ಲಿ ಎರಡೆರಡು ಆಂಟಿವೈರಸ್ ಇರುತ್ತವೆ. ಒಂದನ್ನು ತೆಗೆಯಿರಿ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಈ ಪ್ರೋಗ್ರಾಂ ಅದನ್ನು ಓದಿ ತೋರಿಸುತ್ತದೆ. ನೀಲಿ ಇದ್ದರೆ ಒಳ್ಳೆಯದು, ಹಳದಿ ಇದ್ದರೆ ಎಚ್ಚರಿಕೆ, ಕೆಂಪು ಇದ್ದರೆ ಮುಗಿಯಿತು. ಹಾರ್ಡ್ ಡಿಸ್ಕ್‌ನಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. 05, ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕ್ ಮಾಹಿತಿ ಬರೆದಿಡುವ ಪುಟ್ಟ ಪುಟ್ಟ ತುಂಡುಗಳು). ಸಿ5, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. ಸಿ6, ಸರಿಪಡಿಸಲು ಆಗದವು. ಸಿ7, ಡಿಸ್ಕ್ ಮತ್ತು ಬೋರ್ಡ್ ನಡುವೆ ಮಾಹಿತಿ ಹೋಗುವಾಗ ಆದ ತಪ್ಪುಗಳು. ಸಿ7 ದಿನದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಒಳ್ಳೆಯದೇ ಇರಬಹುದು, ಅದರ ಪಟ್ಟಿ ಕೇಬಲ್ ಕೆಟ್ಟಿರಬಹುದು. ಹೊಸ ಡಿಸ್ಕ್‌ಗೆ ದುಡ್ಡು ಹಾಕುವ ಮೊದಲು ಇದನ್ನು ನೋಡಲೇಬೇಕು.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಸಿ5 ಸಾಲು ಹಳದಿ. ಎದುರಿಗೆ ಸೊನ್ನೆಗಳ ಸಾಲು, ಕೊನೆಯಲ್ಲಿ 18. ಇದು ನಮ್ಮ ಹದಿನೆಂಟು ಅಲ್ಲ. ಈ ಪ್ರೋಗ್ರಾಂ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಆ 18 ಅಂದರೆ ಒಂದು ಹದಿನಾರು, ಮೇಲೆ ಎಂಟು, ಒಟ್ಟು 24. ಸೆಟ್ಟಿಂಗ್‌ನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು. 24 ಸೆಕ್ಟರ್, ಒಂದಕ್ಕೆ 512 ಬೈಟ್‌ನಂತೆ ಒಟ್ಟು 12 ಕೆಬಿ. 1 ಟಿಬಿಯಲ್ಲಿ 12 ಕೆಬಿ! ಗದ್ದೆಯಲ್ಲಿ ಒಂದು ತೆನೆ ಅಂದ ಹಾಗೆ. ಆದರೂ ಇಡೀ ಲ್ಯಾಪ್‌ಟಾಪ್ ನಿಂತದ್ದು ಯಾಕೆ?

ಯಾಕೆಂದರೆ ಮನೆಬಳಕೆಯ ಹಾರ್ಡ್ ಡಿಸ್ಕ್ ಒಂದು ಸೆಕ್ಟರ್ ಓದಲಾಗದಿದ್ದರೆ ಸುಲಭಕ್ಕೆ ಸೋಲು ಒಪ್ಪುವುದಿಲ್ಲ. ಮತ್ತೆ ಮತ್ತೆ ತಿರುಗಿ ಬಂದು ಓದಲು ನೋಡುತ್ತದೆ. ಒಂದೇ ಸೆಕ್ಟರ್‌ಗೆ ಹಲವು ಸೆಕೆಂಡ್ ಹೋಗುತ್ತದೆ. ಅಷ್ಟು ಹೊತ್ತು ಹಿಂದೆ ಸಾಲಿನಲ್ಲಿ ನಿಂತ ಎಲ್ಲರೂ ಕಾಯಬೇಕು. ರೇಷನ್ ಅಂಗಡಿಯಲ್ಲಿ ಮುಂದಿರುವ ಒಬ್ಬರ ಬೆರಳಚ್ಚು ಬರದೆ ಇದ್ದರೆ ಇಡೀ ಕ್ಯೂ ನಿಲ್ಲುವುದಿಲ್ಲವೇ, ಹಾಗೆ. ಓದಿ ಆದಮೇಲೆ ಸಾಲು ಮುಂದೆ ಸಾಗುತ್ತದೆ, ಲ್ಯಾಪ್‌ಟಾಪ್ ಮತ್ತೆ ಓಡುತ್ತದೆ. ಮೌಸ್ ಬಾಣಕ್ಕೆ ಡಿಸ್ಕ್‌ನ ಅಗತ್ಯ ಇಲ್ಲದ್ದರಿಂದ ಅದು ಮಾತ್ರ ಓಡಾಡಿಕೊಂಡಿರುತ್ತದೆ.

ಫಾರ್ಮ್ಯಾಟ್ ಮಾಡಿಸಿದಾಗ ಹದಿನೈದು ದಿನ ಸರಿಹೋಗಿದ್ದಕ್ಕೂ ಇಲ್ಲೇ ಉತ್ತರ ಇದೆ. ಸಿ5ರಲ್ಲಿರುವ ಸೆಕ್ಟರ್ ಮೇಲೆ ಹೊಸದಾಗಿ ಏನಾದರೂ ಬರೆದರೆ ಡಿಸ್ಕ್ ಆಗ ತೀರ್ಮಾನ ಮಾಡುತ್ತದೆ. ಬರೆದದ್ದು ನಿಂತರೆ ಆ ಜಾಗ ಉಳಿಯಿತು, ನಿಲ್ಲದಿದ್ದರೆ ಕಾದಿಟ್ಟ ಬದಲಿ ಜಾಗಕ್ಕೆ ಕಳಿಸುತ್ತದೆ. ವಿಂಡೋಸ್ ಮತ್ತೆ ಹಾಕಿದಾಗ ಹಲವು ಜಿಬಿ ಹೊಸದಾಗಿ ಬರೆಯುತ್ತೇವೆ, ಫೈಲ್‌ಗಳ ಜಾಗವೂ ಬದಲಾಗುತ್ತದೆ. ಕೆಟ್ಟ ಜಾಗ ಸದ್ಯಕ್ಕೆ ದಾರಿಗೆ ಅಡ್ಡ ಬರುವುದಿಲ್ಲ. ಆದರೆ ಡಿಸ್ಕ್‌ನ ಮೇಲ್ಮೈ ಸವೆಯುವುದು ನಿಂತಿಲ್ಲವಲ್ಲ, ಇನ್ನೊಂದು ಕಡೆ ಹೊಸ ಸೆಕ್ಟರ್ ಕೆಡುತ್ತದೆ. ಹಾಗಾಗಿ ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಫಾರ್ಮ್ಯಾಟ್ ಮಾಡಿ ಎರಡು ವಾರಕ್ಕೇ ತೊಂದರೆ ವಾಪಸ್ ಬಂದರೆ ಮೂರನೇ ಸಲ ಫಾರ್ಮ್ಯಾಟ್‌ಗೆ ಕೊಡಬೇಡಿ. ದೋಷ ವಿಂಡೋಸ್‌ನಲ್ಲಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ.

ಅಕ್ಕನಿಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) ತಂದೆ. ಹಳೇ ಡಿಸ್ಕನ್ನು ಹಾಗೇ ಕ್ಲೋನ್, ಅಂದರೆ ಇದ್ದಂತೆಯೇ ನಕಲು, ಮಾಡಲು ಹೋಗಲಿಲ್ಲ, ಕೆಟ್ಟ ಸೆಕ್ಟರ್ ಇದ್ದಾಗ ಕ್ಲೋನ್ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಹಾಳಾದ ಫೈಲ್ ಕೂಡ ಜೊತೆಗೇ ಬರುತ್ತದೆ. ಹೊಸದಾಗಿ ವಿಂಡೋಸ್ ಹಾಕಿ, ಕನ್ನಡ ಟೈಪಿಂಗ್‌ಗೆ ನುಡಿ ಹಾಕಿ, ಅವಳ ಫೋಲ್ಡರ್‌ಗಳನ್ನು ಕಾಪಿ ಮಾಡಿದೆ. ಹಳೇ ಎಂಟನೇ ತರಗತಿಯ ಒಂದು ಮಾರ್ಕ್ಸ್ ಫೈಲ್ ಮಾತ್ರ ಓದಲೇ ಆಗಲಿಲ್ಲ. ಪುಣ್ಯಕ್ಕೆ ಅದರ ಪ್ರಿಂಟ್ ಅವಳ ಬೀರುವಿನಲ್ಲಿತ್ತು.

ಉಳಿದ ಎರಡು ಸಾಲು

ಹತ್ತು ದಿನ ಲ್ಯಾಪ್‌ಟಾಪ್ ಬಾಣದಂತೆ ಓಡಿತು. ಹನ್ನೊಂದನೇ ದಿನ ರಾತ್ರಿ ಫೋನ್: "ಮತ್ತೆ ನಿಂತ್ಹೋಯ್ತು ಕಣೋ. ಗುರ್ರ್ ಅಂತು." ಕ್ಯಾಪ್ಸ್ ದೀಪ ಇಲ್ಲ, ಮೌಸ್ ಇಲ್ಲ. ಈವೆಂಟ್ ವ್ಯೂವರ್‌ನಲ್ಲಿ 41 ಒಂದೇ. ಡೈರಿಯಲ್ಲಿ ನಾನು ಬದಿಗಿಟ್ಟಿದ್ದ ಎರಡು ಸಾಲು ಇದೇ. ಡಿಸ್ಕ್‌ಗೂ ಇದಕ್ಕೂ ಮೊದಲಿನಿಂದಲೂ ಸಂಬಂಧ ಇರಲಿಲ್ಲ. ಡೈರಿ ಇಲ್ಲದಿದ್ದರೆ ಹೊಸ ಎಸ್‌ಎಸ್‌ಡಿಯೇ ಸರಿಯಿಲ್ಲ ಎಂದು ಅದನ್ನು ವಾಪಸ್ ಕೊಡಲು ಓಡುತ್ತಿದ್ದೆವು.

ಇಂಥ ಪೂರ್ತಿ ಸ್ತಬ್ಧವಾಗುವ ಹ್ಯಾಂಗ್‌ಗೆ ಮೊದಲು ರ‍್ಯಾಮ್ ಪರೀಕ್ಷಿಸಿ. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೊಸ್ಟಿಕ್ ಇದೆ, ಆದರೆ ಅದು ಎಷ್ಟೋ ಸಲ ಸಣ್ಣ ದೋಷ ಹಿಡಿಯುವುದಿಲ್ಲ. ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ಪ್ರೋಗ್ರಾಂ ಅನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ, ಅಂದರೆ ವಿಂಡೋಸ್ ಬದಲು ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ರಾತ್ರಿ ಮಲಗುವಾಗ ಶುರು ಮಾಡಿದರೆ ಬೆಳಿಗ್ಗೆಗೆ ನಾಲ್ಕು ಸುತ್ತು ಮುಗಿದಿರುತ್ತದೆ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ರ‍್ಯಾಮ್‌ನಲ್ಲಿ ಪಾಸ್ ಮಾರ್ಕ್ಸ್ ಅಂದರೆ ನೂರಕ್ಕೆ ನೂರು.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸುತ್ತು ಶುದ್ಧವಾಗಿ ಹೋಯಿತು. ಎರಡನೆಯ ಸುತ್ತಿನಲ್ಲಿ ಕೆಂಪು ಸಾಲುಗಳು ಬಂದವು. ಅವಳ 8 ಜಿಬಿ ರ‍್ಯಾಮ್‌ನಲ್ಲಿ 4 ಜಿಬಿ ಬೋರ್ಡ್‌ಗೇ ಬೆಸೆದದ್ದು, ಇನ್ನು 4 ಜಿಬಿ ಸ್ಲಾಟ್‌ನಲ್ಲಿ ಸಿಕ್ಕಿಸಿದ್ದು. ಸ್ಲಾಟ್‌ನದ್ದನ್ನು ತೆಗೆದೆ. ಒಂದು ವಾರ ಬರೀ 4 ಜಿಬಿಯಲ್ಲಿ ಓಡಿಸಿದಳು, ನಿಧಾನವಾಯಿತು ಆದರೆ ಒಮ್ಮೆಯೂ ನಿಲ್ಲಲಿಲ್ಲ. ಹಾಗಾದರೆ ತೊಂದರೆ ತೆಗೆದ ಆ ರ‍್ಯಾಮ್ ಪಟ್ಟಿಯಲ್ಲಿದೆ, ಇಲ್ಲವೇ ಅದು ಕೂರುವ ಜಾಗದಲ್ಲಿದೆ. ಬೆಳಕಿಗೆ ಹಿಡಿದು ನೋಡಿದೆ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕು ಪೊರೆ ಕಟ್ಟಿತ್ತು. ಮಕ್ಕಳು ಬಳಸುವ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿ, ಪುಡಿ ಊದಿ, ಬ್ರಷ್‌ನಿಂದ ಸ್ಲಾಟ್ ಕ್ಲೀನ್ ಮಾಡಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಕೂರಿಸಿದೆ. ಮತ್ತೆ ರಾತ್ರಿಯಿಡೀ ಮೆಮ್‌ಟೆಸ್ಟ್. ನಾಲ್ಕು ಸುತ್ತೂ ಸೊನ್ನೆ ತಪ್ಪು. ಆಮೇಲೆ ಮೂರು ತಿಂಗಳು ಕಳೆದಿವೆ, ಡೈರಿಯಲ್ಲಿ ಹೊಸ ಸಾಲು ಸೇರಿಲ್ಲ.

ಬಿಚ್ಚುವವರು ಇಷ್ಟು ನೆನಪಿಡಿ: ಚಾರ್ಜರ್ ತೆಗೆಯಿರಿ, ಸಾಧ್ಯವಾದರೆ ಒಳಗಿನ ಬ್ಯಾಟರಿಯ ಕನೆಕ್ಟರ್ ಕಳಚಿ, ಯಾವುದಾದರೂ ಲೋಹ ಮುಟ್ಟಿ ಕೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಬ್ಯಾಟರಿ ಉಬ್ಬಿರುವುದು ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಬಳಕೆ ನಿಲ್ಲಿಸಿ ಬದಲಾಯಿಸಿ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್ ಒರೆಸಿ, ಪ್ರೊಸೆಸರ್‌ನ ಬಿಸಿ ತೆಗೆಯುವ ಪೇಸ್ಟ್ ಹಾಕಿ, ಡ್ರೈವರ್ ಬದಲಿಸಿ ಎಲ್ಲವನ್ನೂ ಒಂದೇ ಸಂಜೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ಬೇರೆಯವರ ಲ್ಯಾಪ್‌ಟಾಪ್‌ಗಳಲ್ಲಿ ಕಂಡದ್ದು

ಬಿಸಿಯ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. ಆದರೆ ಬಿಸಿಯ ಲಕ್ಷಣವೇ ಬೇರೆ. ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಆಸುಪಾಸು. ಅದರ ಹತ್ತಿರ ಹೋದರೆ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಫ್ಯಾನ್ ಜೋರಾಗುತ್ತದೆ, ಕೆಲಸ ಎಳೆದಾಡುತ್ತದೆ, ಕೊನೆಗೆ ಪೂರ್ತಿ ಆಫ್ ಆಗುತ್ತದೆ. ತಣ್ಣಗಿದ್ದಾಗ ಆನ್ ಮಾಡಿದ ಐದು ನಿಮಿಷಕ್ಕೇ ನಿಂತರೆ ಅದು ಬಹುಶಃ ಬಿಸಿಯಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ, ಹಾಸಿಗೆ ಮೇಲಿಟ್ಟು, ಕೆಳಗಿನ ಗಾಳಿಕಂಡಿ ಮುಚ್ಚಿಕೊಂಡು ಕೂತಾಗ ಮಾತ್ರ ನಿಂತರೆ ಬಿಸಿಯೇ ಇರಬಹುದು. ಎಚ್‌ಡಬ್ಲ್ಯುಇನ್ಫೋ ಎಂಬ ಪ್ರೋಗ್ರಾಂ ಹಾಕಿ ಬಿಸಿಯ ಅಂಕಿ ನೋಡಿ, ಮೈ ಮುಟ್ಟಿ ಅಂದಾಜು ಮಾಡಬೇಡಿ. ಫ್ಯಾನ್ ಪಕ್ಕದ ಜಾಲರಿಯಲ್ಲಿ ಧೂಳು ಕಂಬಳಿಯಂತೆ ಕಟ್ಟಿರುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದಿರಿ.

ಚಾರ್ಜರ್ ಹಾಕಿದಾಗ ಮಾತ್ರ ಬಾಣ ಹುಚ್ಚೆದ್ದು ಹಾರುತ್ತದೆ, ಇಲ್ಲವೇ ಅಂಟಿಕೊಳ್ಳುತ್ತದೆ, ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಇದನ್ನೂ ಜನ ಹ್ಯಾಂಗ್ ಅನ್ನುತ್ತಾರೆ. ಲ್ಯಾಪ್‌ಟಾಪ್‌ಗೆ ಏನೂ ಆಗಿರುವುದಿಲ್ಲ. ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿ ಇಲ್ಲ, ಇಲ್ಲವೇ ಮೂರು ಪಿನ್‌ಗೆ ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸಿದ್ದಾರೆ. ಟಚ್‌ಪ್ಯಾಡ್ ಬೆರಳನ್ನು ಗುರುತಿಸುವುದೇ ಅತಿ ಸಣ್ಣ ವಿದ್ಯುತ್ ಬದಲಾವಣೆಯಿಂದ, ಅರ್ಥಿಂಗ್ ಇಲ್ಲದಾಗ ಅದು ಗಲಿಬಿಲಿಯಾಗುತ್ತದೆ. ಚಾರ್ಜರ್ ಕಿತ್ತು ನೋಡಿ, ಒಂದು ಯುಎಸ್‌ಬಿ ಮೌಸ್ ಹಾಕಿ ನೋಡಿ. ಸರಿಯಾದರೆ ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್‌ನನ್ನು.

ಪರದೆ ಮಾತ್ರ ನಿಂತು ಸದ್ದು ಓಡುತ್ತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಬಂದು ಪರದೆ ಮಿನುಗಿ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಇದರಿಂದ ಜೀವ ಬಂದರೆ ಕಾರಣವೂ ಸಿಕ್ಕಂತೆ. ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದಲೇ ಇಳಿಸಿಕೊಳ್ಳಿ.

ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಇರುವ ಯಂತ್ರ ಕ್ಷಣ ಕ್ಷಣ ತಡವರಿಸುತ್ತಿದ್ದರೆ ಒಂದು ಹಳೇ ಸಂಗತಿ ನೆನಪಿಗೆ ಬರಬೇಕು. ಪ್ರೊಸೆಸರ್ ಒಳಗಿನ ಎಫ್‌ಟಿಪಿಎಂ ಎಂಬ ಭದ್ರತಾ ಭಾಗ ಬೋರ್ಡ್‌ನ ಫ್ಲ್ಯಾಶ್ ಚಿಪ್ ಜೊತೆ ಹೆಚ್ಚು ಹೊತ್ತು ವ್ಯವಹರಿಸಿ ಯಂತ್ರವನ್ನು ನಿಲ್ಲಿಸುತ್ತದೆ ಎಂದು 2022ರ ಮಾರ್ಚ್‌ನಲ್ಲಿ ಎಎಂಡಿಯೇ ಒಪ್ಪಿಕೊಂಡಿತು. ಅದಕ್ಕೆ ಪರಿಹಾರ ಆ ವರ್ಷದ ಮೇ ತಿಂಗಳಿಂದ ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಅಪ್‌ಡೇಟ್‌ಗಳಲ್ಲಿ ಬಂತು. ಅದಕ್ಕಿಂತ ಹಳೇ ಬಯಾಸ್ ಇದ್ದರೆ ಅಪ್‌ಡೇಟ್ ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಮೊದಲು ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮದೇ ಡಿಸ್ಕ್ ನಿಮ್ಮನ್ನು ಒಳಗೆ ಬಿಡದಿರಬಹುದು.

ಎಸ್‌ಎಸ್‌ಡಿ ಇದ್ದೂ ಈವೆಂಟ್ ವ್ಯೂವರ್‌ನಲ್ಲಿ 129 ಬರುತ್ತಿದ್ದರೆ ಅದರ ಫರ್ಮ್‌ವೇರ್ (ಎಸ್‌ಎಸ್‌ಡಿ ಒಳಗೇ ಇರುವ ಪ್ರೋಗ್ರಾಂ) ಅಪ್‌ಡೇಟ್ ಇದೆಯೇ ನೋಡಿ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೆಳಗಿರುವ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ ಒಂದು ವಾರ ನೋಡಿ. ಕರೆಂಟ್ ಉಳಿಸಲು ಮಲಗಿದ ಎಸ್‌ಎಸ್‌ಡಿ ಕರೆದಾಗ ಏಳದೆ ಹೀಗಾಗುವುದುಂಟು. ಡಿಸ್ಕ್ ಬಹುತೇಕ ತುಂಬಿದ್ದರೆ ಜಾಗ ಬಿಡಿಸಿಕೊಡಿ.

ಏನೂ ಹೊಂದದಿದ್ದರೆ

ಆಗ ಒಂದು ಒಳ್ಳೆಯ ಉಪಾಯ ಇದೆ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಉಬುಂಟುವನ್ನು ಪೆನ್ ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ, ಅದರಿಂದಲೇ ಬೂಟ್ ಮಾಡಿ ಎರಡು ಮೂರು ಸಂಜೆ ಬಳಸಿ. ಒಳಗಿನ ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನು ತೆರೆಯಬೇಡಿ. ಅಲ್ಲಿ ಒಮ್ಮೆಯೂ ನಿಲ್ಲದಿದ್ದರೆ ಅನುಮಾನ ಡಿಸ್ಕ್ ಇಲ್ಲವೇ ವಿಂಡೋಸ್ ಮೇಲೆ. ಅಲ್ಲೂ ಅದೇ ಥರ ನಿಂತರೆ ವಿಂಡೋಸ್ ನಿರಪರಾಧಿ, ರ‍್ಯಾಮ್, ಬಿಸಿ, ಬೋರ್ಡ್ ಕಡೆ ಹೋಗಿ. ದಿನಕ್ಕೆ ಮೂರು ಸಲ ನಿಲ್ಲುವ ಯಂತ್ರವಾದರೆ ಎರಡು ದಿನ ಸಾಕು, ವಾರಕ್ಕೊಮ್ಮೆ ನಿಲ್ಲುವುದಾದರೆ ಎರಡು ದಿನ ನೋಡಿ ತೀರ್ಪು ಕೊಡಬೇಡಿ.

ಪರೀಕ್ಷೆ ಮಾಡುವ ದಿನಗಳಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಬಳಸಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಇದೆ. ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ತಿರುಳಿನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಏಳುತ್ತದೆ. ಕೆಟ್ಟ ಡ್ರೈವರ್ ಕೂಡ ಹಾಗೇ ಏಳುತ್ತದೆ.

ಲ್ಯಾಪ್‌ಟಾಪ್ ಎತ್ತಿದಾಗ, ಮೂಲೆ ಒತ್ತಿದಾಗ, ಮುಚ್ಚಳ ಅಲ್ಲಾಡಿಸಿದಾಗ ನಿಂತರೆ ಮತ್ತು ರ‍್ಯಾಮ್ ಕೂರಿಸಿದ ಮೇಲೂ ಹಾಗೇ ಇದ್ದರೆ ಬೋರ್ಡ್‌ನ ಬೆಸುಗೆ ಬಿರುಕು ಬಿಟ್ಟಿರಬಹುದು. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಅಂಗಡಿಗೆ ಹೋಗುವಾಗ "ಹ್ಯಾಂಗ್ ಆಗುತ್ತೆ" ಎಂದಷ್ಟೇ ಹೇಳಿ ಬರಬೇಡಿ. ಒಂದು ಚೀಟಿಯಲ್ಲಿ ಬರೆದುಕೊಡಿ: ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಕ್ಯಾಪ್ಸ್ ದೀಪ ಹತ್ತುತ್ತದೆಯೇ, ಸಿ5 ಎಷ್ಟು, ಮೆಮ್‌ಟೆಸ್ಟ್ ಎಷ್ಟು ಸುತ್ತು. ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಎಂದೂ ಬರೆಯಿರಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತನ್ನಿ. ಅದರಲ್ಲಿ ನಿಮ್ಮ ಆಧಾರ್ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯ ಫೋಟೋ ಎಲ್ಲ ಇರುತ್ತದೆ. ಅಕ್ಕನದ್ದಕ್ಕೆ ನಾನು ಬಿಳಿ ಟೇಪ್ ಅಂಟಿಸಿ "ಕೆಟ್ಟಿದೆ, ಬಳಸಬಾರದು, ಸಿ5 24" ಎಂದು ಬರೆದು ಅವಳ ಬೀರುವಿನಲ್ಲಿ ಇಟ್ಟಿದ್ದೇನೆ, ಆ ಎಂಟನೇ ತರಗತಿಯ ಪ್ರಿಂಟ್ ಪಕ್ಕದಲ್ಲೇ.